ಒಂದನೆಯ ನಂಬರಿನ ಶಾಲೆ: ಸಣ್ಣ ಪಟ್ಟಣದ ಸರ್ಕಾರಿ ಶಾಲೆಗಳ ಹೋಲಿಕೆಯಲ್ಲಿ ಜನರ ಮಾತಿನ ಪಾತ್ರ

ಒಂದೇ ಪಟ್ಟಣದ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಹೋಲಿಸುವ ಎರಡು ಕ್ರಮಗಳಿವೆ. ಒಂದು ಇಲಾಖೆಯದು, 2012–13ರಿಂದ ಯು-ಡೈಸ್ ವ್ಯವಸ್ಥೆಯಲ್ಲಿ ಕೊಠಡಿ, ಶೌಚಾಲಯ, ಮಕ್ಕಳ ದಾಖಲಾತಿ, ಶಿಕ್ಷಕರ ಸಂಖ್ಯೆ ಇವುಗಳ ವಿವರ ದಾಖಲಾಗುತ್ತದೆ. ಇನ್ನೊಂದು ಜನರದು, ಅದು ಸಂತೆಯಲ್ಲಿ, ಮನೆಯ ಕಟ್ಟೆಯ ಮೇಲೆ, ಗಿರಣಿಯ ಮುಂದೆ ಮಾತಿನ ರೂಪದಲ್ಲಿಯೇ ಇರುತ್ತದೆ. ತಮ್ಮ ಮಗುವನ್ನು ಯಾವ ಶಾಲೆಗೆ ಹಾಕಬೇಕೆಂಬುದನ್ನು ಬಹುಪಾಲು ಪಾಲಕರು ನಿರ್ಧರಿಸುವುದು ಈ ಎರಡನೆಯ ಕ್ರಮದಿಂದ. ಆದ್ದರಿಂದ ಇದನ್ನು ಕೇವಲ ಹರಟೆಯೆಂದು ಬದಿಗಿರಿಸಲಾಗದು. ಹಿಂದಿನ ಮುಂಬಯಿ ಕರ್ನಾಟಕದ ತಾಲ್ಲೂಕು ಪಟ್ಟಣಗಳನ್ನು ಲಕ್ಷ್ಯದಲ್ಲಿರಿಸಿಕೊಂಡು ಈ ಮೌಖಿಕ ಹೋಲಿಕೆಯ ಸ್ವರೂಪವನ್ನೂ ಅದರ ಪರಿಣಾಮವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಈ ಭಾಗದ ಶಾಲೆಗಳ ಹೆಸರುಗಳಲ್ಲಿಯೇ ಒಂದು ಚರಿತ್ರೆ ಅಡಗಿದೆ. ಐಗಳು ನಡೆಸುತ್ತಿದ್ದ ಗಾಂವಠಿ ಶಾಲೆಗಳ ಜೊತೆಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಬೆಳೆದವು. ಆ ಕಾರ್ಯದಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಶ್ರಮ ಪ್ರಸಿದ್ಧವಾದುದು. ಶಾಲೆಗಳು ಹೆಚ್ಚಿದಂತೆ ಅವುಗಳನ್ನು ಭಾಷೆ, ಲಿಂಗ ಮತ್ತು ಅನುಕ್ರಮ ಸಂಖ್ಯೆ ಈ ಮೂರರಿಂದ ಗುರುತಿಸಲಾಯಿತು: ಕನ್ನಡ ಗಂಡು ಮಕ್ಕಳ ಶಾಲೆ, ಕನ್ನಡ ಹೆಣ್ಣು ಮಕ್ಕಳ ಶಾಲೆ, ಉರ್ದು ಗಂಡು ಮಕ್ಕಳ ಶಾಲೆ, ಜೊತೆಗೆ ನಂಬರ್ 1, 2, 3. ನವೆಂಬರ್ 1, 1956ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಡಳಿತ ಬದಲಾದರೂ ಕೆ.ಬಿ.ಎಸ್., ಕೆ.ಜಿ.ಎಸ್., ಯು.ಬಿ.ಎಸ್. ಎಂಬ ಸಂಕ್ಷೇಪಗಳು ಇಂದಿಗೂ ಫಲಕಗಳ ಮೇಲೆ ಉಳಿದಿವೆ. ಹುಡುಗರೂ ಹುಡುಗಿಯರೂ ಕೂಡಿ ಕಲಿಯುವ ಶಾಲೆಯೊಂದು ‘ಹೆಣ್ಣು ಮಕ್ಕಳ ಸಾಲಿ’ ಎಂದೇ ಕರೆಯಿಸಿಕೊಳ್ಳುವುದು ಇಲ್ಲಿ ಅಪರೂಪವಲ್ಲ.

ಈ ಹೆಸರುಗಳಲ್ಲಿ ಹೆಚ್ಚು ಗಮನಾರ್ಹವಾದುದು ನಂಬರು. ಅದು ಶಾಲೆಗಳನ್ನು ಎಣಿಸಲು ಕೊಟ್ಟ ಸಂಖ್ಯೆಯೇ ಹೊರತು ಗುಣಮಟ್ಟದ ಸೂಚಕವಲ್ಲ. ಆದರೆ ‘ಒಂದ ನಂಬರ್ ಸಾಲಿ’ ಎಂಬ ಮಾತು ಕಿವಿಗೆ ಬಿದ್ದಾಗ ಎಣಿಕೆಯ ಸಂಖ್ಯೆ ಸದ್ದಿಲ್ಲದೆ ಶ್ರೇಣಿಯಾಗಿಬಿಡುತ್ತದೆ. ಹಳೆಯ ಶಾಲೆ ಸಾಮಾನ್ಯವಾಗಿ ಪೇಟೆಯ ನಡುವೆ ಇರುತ್ತದೆ. ಅದಕ್ಕೆ ದೊಡ್ಡ ಬಯಲಿರುತ್ತದೆ. ಊರಿನ ಹಿರಿಯರು ಅಲ್ಲಿಯೇ ಕಲಿತವರಾಗಿರುತ್ತಾರೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆ ಹಿಡಿದವರ ನೆನಪು ಆ ಶಾಲೆಯ ಕೀರ್ತಿಗೆ ಆಧಾರವಾಗುತ್ತದೆ. ಹೀಗೆ ಹಿಂದಿನ ತಲೆಮಾರಿನ ಅನುಭವ ಇಂದಿನ ಶಾಲೆಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಜನರ ಅಳತೆಗಳೆಲ್ಲ ನಿರಾಧಾರವೆಂದು ಇದರ ಅರ್ಥವಲ್ಲ. ಮಾಸ್ತರರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೆ, ಅಕ್ಕೋರು ಮಕ್ಕಳ ಹೆಸರು ಹಿಡಿದು ಮಾತನಾಡಿಸುತ್ತಾರೆಯೆ, ದಾರಿಯಲ್ಲಿ ದೊಡ್ಡ ರಸ್ತೆ ದಾಟಬೇಕೆ, ಆಗಸ್ಟ್ ಹದಿನೈದರ ಪ್ರಭಾತಫೇರಿಯಲ್ಲಿ ಯಾವ ಶಾಲೆಯ ಮಕ್ಕಳು ಸಾಲು ಕೆಡದಂತೆ ನಡೆದರು ಎಂಬುವನ್ನು ಪಾಲಕರು ಸೂಕ್ಷ್ಮವಾಗಿ ಗಮನಿಸುತ್ತಾರೆ. ‘ಬಿಸಿಯೂಟ ಇದೆ’ ಎಂದು ದಾಖಲೆ ಹೇಳಿದರೆ, ಸಾರು ಹೇಗಿತ್ತೆಂಬುದನ್ನು ಮಗು ಮನೆಗೆ ಬಂದು ಹೇಳುತ್ತದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯ ವಿವೇಕ ಈ ಅಳತೆಗಳ ಹಿಂದೆ ಇದೆ. ದಾಖಲೆಯ ನಮೂನೆಗೆ ಸಿಗದ ಸಂಗತಿಗಳು ಇವು.

ಆದರೆ ಇದೇ ಮಾತಿನಲ್ಲಿ ಇನ್ನೊಂದು ಅಳತೆಯೂ ಸೇರಿರುತ್ತದೆ: ಅಲ್ಲಿಗೆ ಯಾರ ಮಕ್ಕಳು ಹೋಗುತ್ತಾರೆ ಎಂಬುದು. ಪೇಟೆಯ ಶಾಲೆಗೆ ನಂಬರಿನ ಹೆಸರು ನಿಂತರೆ, ಊರಂಚಿನ ಶಾಲೆಗೆ ಕೇರಿಯ ಹೆಸರು ಅಂಟಿಕೊಳ್ಳುತ್ತದೆ. ಕೇರಿಯ ಹೆಸರು ಹೇಳಿದೊಡನೆ ಜಾತಿ ಸೂಚಿತವಾಗುತ್ತದೆ. ‘ಆ ಸಾಲಿ ಬ್ಯಾಡ’ ಎಂಬ ಮಾತು ಪಾಠದ ಬಗೆಗಿನದೋ ನೆರೆಯವರ ಬಗೆಗಿನದೋ ಎಂಬುದು ಆಡುವವರಿಗೂ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲ.

ಈ ಮಾತಿನ ಪರಿಣಾಮ ಮಾತಿಗೆ ಸೀಮಿತವಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು ಶಿಕ್ಷಕರು ಇರಬೇಕು. ಕೇರಿಯ ಶಾಲೆಯೊಂದರಲ್ಲಿ 62 ಮಕ್ಕಳಿದ್ದು, ನಾಲ್ವರು ಪೇಟೆಯ ಶಾಲೆಗೆ ಹೋದರೆಂದು ಭಾವಿಸೋಣ. ಉಳಿದ 58 ಮಕ್ಕಳಿಗೆ ಇಬ್ಬರೇ ಶಿಕ್ಷಕರು ಸಲ್ಲುತ್ತಾರೆ. ಮೂರನೆಯವರು ಹೆಚ್ಚುವರಿ ಎನಿಸಿಕೊಳ್ಳುತ್ತಾರೆ. ಐದು ತರಗತಿಗಳನ್ನು ಇಬ್ಬರು ನಡೆಸಬೇಕಾಗುತ್ತದೆ. ಇತ್ತ ಪೇಟೆಯ ಶಾಲೆಯಲ್ಲಿ 146 ಇದ್ದ ಸಂಖ್ಯೆ 150 ಆದರೂ ಶಿಕ್ಷಕರು ಐವರೇ. ಒಂದು ಶಾಲೆ ಒಬ್ಬ ಶಿಕ್ಷಕರನ್ನು ಕಳೆದುಕೊಂಡಿತು, ಇನ್ನೊಂದಕ್ಕೆ ಏನೂ ಸೇರಲಿಲ್ಲ. ಮರುವರ್ಷ ‘ಅಲ್ಲಿ ಮಾಸ್ತರರೇ ಇಲ್ಲ’ ಎಂಬ ಮಾತು ಹುಟ್ಟುತ್ತದೆ. ಈ ಸಲ ಅದು ನಿಜವೇ ಆಗಿರುತ್ತದೆ. ಹೋಲಿಕೆಯ ಮಾತು ತಾನು ಹೇಳಿದ್ದನ್ನು ತಾನೇ ಆಗಮಾಡುವ ಬಗೆ ಇದು. ಇದರ ಹೊರೆ ಬೀಳುವುದು ದೂರದ ಶಾಲೆಗೆ ಮಕ್ಕಳನ್ನು ಕಳುಹಿಸಲಾಗದ ಕೂಲಿಕಾರರ ಮನೆಗಳ ಮೇಲೆ.

2019–20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ಆರಂಭವಾದವು. ಅಂತಹ ವಿಭಾಗ ದೊರೆತ ಶಾಲೆ ‘ಇಂಗ್ಲಿಷ್ ಇರೋ ಸಾಲಿ’ ಎನಿಸಿಕೊಂಡರೆ, ದೊರೆಯದ ಶಾಲೆಯನ್ನು ಇಲ್ಲದುದರಿಂದಲೇ ಗುರುತಿಸಲಾಗುತ್ತದೆ. ಹಳೆಯ ನಂಬರಿನ ಮೇಲೆ ಹೊಸ ಶ್ರೇಣಿಯೊಂದು ಹೀಗೆ ಕುಳಿತುಕೊಳ್ಳುತ್ತದೆ.

ಆದ್ದರಿಂದ ಪಟ್ಟಣದ ಶಾಲೆಗಳನ್ನು ಹೋಲಿಸುವ ಅಧ್ಯಯನವು ಅಂಕಿಸಂಖ್ಯೆಗಳ ಜೊತೆಗೆ ಆಯಾ ಶಾಲೆಯನ್ನು ಜನ ಯಾವ ಹೆಸರಿನಿಂದ ಕರೆಯುತ್ತಾರೆ, ಆ ಹೆಸರು ಎಂದಿನಿಂದ ಬಂದಿತು, ಯಾರು ಅದನ್ನು ಬಳಸುತ್ತಾರೆ ಎಂಬುದನ್ನೂ ಸಂಗ್ರಹಿಸಬೇಕು. ಮಾಸ್ತರರ ಹಾಜರಿ, ದಾರಿಯ ಸುರಕ್ಷತೆ, ಊಟದ ರುಚಿ ಕುರಿತ ಜನರ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸಬೇಕು. ನಂಬರು ಮತ್ತು ಕೇರಿಯ ಹೆಸರು ಹೊತ್ತ ತೀರ್ಪನ್ನು ಪರೀಕ್ಷೆಗೆ ಒಡ್ಡಬೇಕು. ಇವೆರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಊರಂಚಿನ ಶಾಲೆಗೆ ನ್ಯಾಯವಾದ ಹೋಲಿಕೆ ದೊರೆತೀತು.