ಬಿಳಿ ಇಲಿ ಕೊಳ್ಳುವ ಮುನ್ನ ಕಿವಿಗೊಟ್ಟು ಕೇಳಿ

ಮಲೆನಾಡಿನಲ್ಲಿ ಇಲಿ ಎಂದರೆ ಮೊದಲು ನೆನಪಾಗುವುದು ಬೋನು, ಪಾಷಾಣ ಮತ್ತು ಬೆಕ್ಕು. ಕಣಜಕ್ಕೆ ನುಗ್ಗಿದ್ದು, ಅಡಿಕೆ ಚೀಲ ಕಡಿದದ್ದು, ಮಳೆಗಾಲದ ಇಲಿ ಜ್ವರ ಹೀಗೆ ದೂರಿನ ಪಟ್ಟಿ ಉದ್ದವೇ ಇದೆ. ಇಂಥ ಕಡೆ ಮಗಳು ‘ಇಲಿ ಸಾಕೋಣ’ ಎಂದು ಹಟ ಹಿಡಿದರೆ ಮನೆಯ ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಪಂಜರದಲ್ಲೇ ತಲೆಮಾರುಗಳಿಂದ ಬೆಳೆದ ಬಿಳಿ ಇಲಿಯ ಸಂಗತಿ ಬೇರೆ. ಅದನ್ನು ಸಾಕಬಹುದು, ಆರಿಸುವಾಗ ಮಾತ್ರ ಅವಸರ ಸಲ್ಲದು.

ಗದ್ದೆ, ಕಾಡಿನಲ್ಲಿ ಸಿಕ್ಕ ಮರಿಯನ್ನು ಮುದ್ದಾಗಿದೆ ಎಂದು ಮನೆಗೆ ತರಲೇಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಾಣು ಉಣ್ಣೆಗಳ ಮೂಲಕ ಹರಡುತ್ತದೆ. ಆ ಉಣ್ಣೆಗಳಿಗೆ ಕಾಡಿನ ಇಲಿಗಳೂ ಆಸರೆ. ಇಲಿ ಜ್ವರದ ರೋಗಾಣುವಂತೂ ಇಲಿಯ ಮೂತ್ರದಲ್ಲೇ ಇರುತ್ತದೆ.

ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಯಲ್ಲಿ ಬಿಳಿ ಇಲಿ ಕಂಡರೆ ಮೊದಲು ಪಂಜರ ನೋಡಿ. 2018ರ ಕೇಂದ್ರ ಸರ್ಕಾರದ ನಿಯಮ ಇಲಿಯನ್ನೂ ಸಾಕುಪ್ರಾಣಿಗಳ ಸಾಲಿಗೆ ಸೇರಿಸಿದೆ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಆ ಪತ್ರ ಕೇಳುವುದಕ್ಕೆ ಸಂಕೋಚ ಬೇಡ. ಕಣ್ಣು ಉರಿಯುವಷ್ಟು ಮೂತ್ರದ ಘಾಟು ಬರುತ್ತಿದ್ದರೆ ಒಳಗಿರುವ ಇಲಿಗಳ ಶ್ವಾಸಕೋಶಕ್ಕೂ ಅದೇ ಗಾಳಿ.

ಇಲಿ ನಿಶಾಚರಿ. ಮಧ್ಯಾಹ್ನ ಹೋದರೆ ಆರೋಗ್ಯವಾಗಿರುವುದೂ ಮುದುಡಿ ಮಲಗಿರುತ್ತದೆ, ಕಾಯಿಲೆಯದ್ದೂ ಮಲಗಿರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಬೇಟೆಗೆ ಬಲಿಯಾಗುವ ಪ್ರಾಣಿ ತನ್ನ ನೋವನ್ನು ತೋರಗೊಡುವುದಿಲ್ಲ. ಹಾಗಾಗಿ ಗುಂಪಿನಿಂದ ದೂರ, ಮೂಲೆಯಲ್ಲಿ ಬೆನ್ನು ಗೂನಾಗಿಸಿ, ಕೂದಲು ನಿಮಿರಿಸಿ ಕೂತದ್ದು ಕಂಡರೆ ಕಾಯಿಲೆ ಆಗಲೇ ಬಲಿತಿದೆ ಎಂದು ತಿಳಿಯಿರಿ.

ಇಷ್ಟವಾದದ್ದನ್ನು ಬಾಲ ಹಿಡಿದು ನೇತಾಡಿಸದೆ, ಎರಡೂ ಅಂಗೈಯಲ್ಲಿ ಬೊಗಸೆ ಮಾಡಿ ಎತ್ತಿಕೊಡಲು ಹೇಳಿ. ಕಣ್ಣು ಹೊಳೆಯುತ್ತಿರಬೇಕು, ಪಿಸುರು ಇರಬಾರದು. ಮೂಗು ಒಣಗಿರಬೇಕು. ಚರ್ಮದಲ್ಲಿ ಹುರುಕು, ಗಂಟು, ಕೂದಲುದುರಿದ ಜಾಗ ಇರಬಾರದು. ಬಾಲದ ಬುಡ ಒದ್ದೆಯಾಗಿದ್ದರೆ ಭೇದಿಯ ಗುರುತು, ಹಿಕ್ಕೆ ಗಟ್ಟಿಯಾಗಿರಬೇಕು. ಬಾಚಿಹಲ್ಲು ಹಳದಿಯಾಗಿದ್ದರೆ ಗಾಬರಿ ಬೇಡ, ಅದರ ಬಣ್ಣವೇ ಹಾಗೆ. ಸೊಟ್ಟಗೆ ಉದ್ದ ಬೆಳೆದಿದ್ದರೆ ಬೇಡ. ತಲೆ ಒಂದು ಕಡೆಗೆ ವಾಲಿದ್ದರೆ ಕಿವಿಯ ಸೋಂಕಿರಬಹುದು. ಕೊನೆಗೆ ಅದನ್ನು ನಿಮ್ಮ ಕಿವಿಯ ಹತ್ತಿರ ತನ್ನಿ. ಉಸಿರಿನ ಜೊತೆ ಟಿಕ್ ಟಿಕ್ ಸದ್ದೋ ಗೊರಗೊರವೋ ಕೇಳಿದರೆ ವಾಪಸು ಇಡಿ. ಉಸಿರಾಟದ ಸೋಂಕು ಇಲಿಗಳಲ್ಲಿ ತೀರಾ ಸಾಮಾನ್ಯ, ಅದು ಇಡೀ ಪಂಜರಕ್ಕೆ ಹರಡುತ್ತದೆ. ಅಂಥ ಪಂಜರದಿಂದ ಬೇರೆ ಇಲಿಯನ್ನೂ ತರಬೇಡಿ. ಪಾಪ ಎಂದು ಕೊಂಡರೆ ಆ ಖಾಲಿ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಅಷ್ಟೆ.

‘ಜೋಡಿ ತಗೊಳ್ಳಿ ಸಾರ್’ ಎನ್ನುವ ಮಾತಿಗೆ ಮರುಳಾಗಬೇಡಿ. ಗಂಡು ಹೆಣ್ಣು ಸೇರಿದರೆ ಮೂರು ವಾರದಲ್ಲಿ ಆರರಿಂದ ಹನ್ನೆರಡು ಮರಿ. ಹೆತ್ತ ಒಂದು ದಿನದೊಳಗೆ ತಾಯಿ ಮತ್ತೆ ಗಬ್ಬವಾಗಬಲ್ಲದು. ಎರಡು ಗಂಡು ಇಟ್ಟರೆ ಕಚ್ಚಾಡುತ್ತವೆ. ಒಟ್ಟಿಗೆ ಬೆಳೆದ ಎರಡು ಹೆಣ್ಣು ಅತ್ಯುತ್ತಮ.

ಶಿವಮೊಗ್ಗದಲ್ಲಿ ಕೊಂಡು ಭದ್ರಾವತಿಗೆ ಒಯ್ಯುವವರು ಬೇಸಿಗೆಯಲ್ಲಿ ಬೆಳಗಿನ ಬಸ್ಸು ಹಿಡಿಯುವುದು ಒಳ್ಳೆಯದು. 35 ಡಿಗ್ರಿಯ ಸೆಕೆಯಲ್ಲಿ ಈ ಪುಟ್ಟ ಜೀವ ಬೇಗ ಬಸವಳಿಯುತ್ತದೆ. ರಟ್ಟಿನ ಡಬ್ಬವನ್ನು ದಾರಿಯಲ್ಲೇ ಕಡಿದು ಹೊರಬಂದೀತು. ಗಾಳಿಯಾಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬವೇ ವಾಸಿ. ಮನೆಯಲ್ಲಿ ಹಾಸಿಗೆಗೆ ಸಾಮಿಲ್ಲಿನ ಮರದ ಪುಡಿ ಬೇಡ, ಆ ಧೂಳೂ ಉಸಿರಿಗೆ ಕುತ್ತು. ಮಸಿಯಿಲ್ಲದ ಕಾಗದದ ಚೂರು ಸಾಕು. ಪಂಜರದ ಕಾಳಿಗೆ ಮನೆಯ ಸುಂಡಿಲಿ ಬಾಯಿ ಹಾಕದಂತೆ ನೋಡಿಕೊಳ್ಳಿ. ಹೊರಗಿನ ರೋಗ ಒಳಬರುವ ದಾರಿ ಅದೇ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಮಕ್ಕಳಿಗೆ ರೂಢಿಯಾಗಲಿ.

ಇಲಿಯ ಆಯಸ್ಸು ಸುಮಾರು ಎರಡು ವರ್ಷ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಕಾಯಿಲೆ ಬಿದ್ದರೆ ಎಲ್ಲಿಗೆ ಒಯ್ಯುವುದು ಎಂಬುದನ್ನೂ ಕೊಳ್ಳುವ ಮುನ್ನವೇ ಯೋಚಿಸಬೇಕು. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಇಷ್ಟು ಚಿಕ್ಕ ಪ್ರಾಣಿಯನ್ನು ನೋಡುವ ವೈದ್ಯರು ಯಾರು, ಯಾವಾಗ ಸಿಗುತ್ತಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ಅಂಗಡಿಗೆ ಹೋಗಿ.