ಮೋಟಾರು ಟೈರಿನ ವಯಸ್ಸು

ಶೇಷಾದ್ರಿಪುರದ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಡೆದುಹೋದರೆ, ಓಡುವ ಕಾರುಗಳಿಗಿಂತ ನಿಂತ ಕಾರುಗಳೇ ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳುತ್ತವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಈ ಬಡಾವಣೆಯು ಜಟಕಾಗಾಡಿಯ ಕಾಲದ್ದು. ಹಳೆಯ ಮನೆಗಳಲ್ಲಿ ಮೋಟಾರಿಗೆಂದು ಮಾಡು ಕಟ್ಟಿಸಿದವರು ವಿರಳ. ಆದುದರಿಂದ ಶಿರೂರು ಪಾರ್ಕಿನ ಸುತ್ತಮುತ್ತಲೂ ಗಾಡಿಗಳು ಬಿಸಿಲು ಮಳೆಗಳಿಗೆ ಮೈಯೊಡ್ಡಿಕೊಂಡು ಬೀದಿಯ ಬದಿಯಲ್ಲೇ ನಿಂತಿರುತ್ತವೆ. ಮನೆಯ ಯಜಮಾನರು ಮಲ್ಲೇಶ್ವರಕ್ಕೆ ನಡೆದೇ ಹೋಗುತ್ತಾರೆ. ದೂರ ಹೋಗಬೇಕಾದರೆ ಸಂಪಿಗೆ ರಸ್ತೆಯಲ್ಲಿ ಮೆಟ್ರೊ ರೈಲನ್ನು ಹತ್ತುತ್ತಾರೆ. ಕಾರು ಹೊರಡುವುದು ಮದುವೆಗೆ, ಇಲ್ಲವೆ ಮೈಸೂರಿಗೆ. ಇಂಥವರನ್ನು ಟೈರಿನ ವಿಷಯವಾಗಿ ಕೇಳಿದರೆ, “ಏಳು ವರ್ಷವಾಯಿತು, ಇನ್ನೂ ಹೊಸದರಂತೆಯೇ ಇದೆ, ಓಡಿಸಿದ್ದೇ ಎಷ್ಟು!” ಎಂದು ಸಂತೋಷದಿಂದ ಹೇಳುವುದುಂಟು. ಈ ಸಂತೋಷವು ಎಷ್ಟರಮಟ್ಟಿಗೆ ಸಾಧುವಾದದ್ದು ಎಂಬುದನ್ನು ನಾವು ಈಗ ವಿಚಾರಮಾಡೋಣ.

ಟೈರಿಗೆ ವಯಸ್ಸು ಎರಡು ಬಗೆ. ಓಡಿದ ದೂರದಿಂದ ಬರುವ ಸವೆತವು ಒಂದು. ಕಾಲಕ್ರಮದಿಂದ ಬರುವ ಜೀರ್ಣತೆಯು ಮತ್ತೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಬಹುಮಟ್ಟಿಗೆ ಕಾಣುವುದಿಲ್ಲ. ಕಾಣುವುದೊಂದನ್ನೇ ನಂಬಿ ಕಾಣದುದನ್ನು ಮರೆಯುವುದೇ ಅಪಾಯದ ಮೂಲ.

ರಬ್ಬರು ಕಲ್ಲಿನಂತೆ ಸ್ಥಿರವಾದ ಪದಾರ್ಥವಲ್ಲ. ಮರದಿಂದ ಇಳಿಸಿದ ಹಾಲನ್ನು ಹೆಪ್ಪುಗಟ್ಟಿಸಿದ ಬರಿಯ ರಬ್ಬರು ಬಿಸಿಲಿಗೆ ಜಿಗುಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಬಾಳಿಕೆ ಬರುವುದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ರಬ್ಬರಿನ ಉದ್ದುದ್ದವಾದ ಅಣುಸರಪಣಿಗಳನ್ನು ಗಂಧಕವು ಅಲ್ಲಲ್ಲಿ ಒಂದಕ್ಕೊಂದು ಹೆಣೆಯುತ್ತದೆ; ಈ ಹೆಣಿಗೆಯಿಂದಲೇ ಅದು ಹಿಗ್ಗಿ ಮತ್ತೆ ಕುಗ್ಗುವ ಗುಣವನ್ನು ಪಡೆಯುತ್ತದೆ. ಆದರೆ ಗಾಳಿಯಲ್ಲಿರುವ ಆಮ್ಲಜನಕವು ಹೊರಗಿನಿಂದಲೂ, ಟೈರಿನೊಳಗೆ ತುಂಬಿದ ಗಾಳಿಯಿಂದಲೂ ರಬ್ಬರಿನೊಳಕ್ಕೆ ಮೆಲ್ಲಮೆಲ್ಲನೆ ಇಳಿದು, ಈ ಹೆಣಿಗೆಯನ್ನು ಕೆಡಿಸುತ್ತಲೇ ಇರುತ್ತದೆ. ಮೆತ್ತಗಿದ್ದುದು ಬಿರುಸಾಗುತ್ತದೆ, ಬಾಗುತ್ತಿದ್ದುದು ಬಿರಿಯತೊಡಗುತ್ತದೆ. ಓಜೋನ್ ವಾಯುವೂ ಸೂರ್ಯನ ಕಿರಣಗಳೂ ಮೇಲ್ಮೈಯನ್ನು ಸೀಳುತ್ತವೆ. ಶಾಖವು ಇವೆಲ್ಲವನ್ನೂ ತ್ವರೆಗೊಳಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ರಾಯಚೂರು ಕಲಬುರಗಿಗಳ ಉರಿಬಿಸಿಲು ಇಲ್ಲಿಲ್ಲ; ಆದರೆ ತಂಪು ಹವೆಯು ಈ ಕ್ರಿಯೆಯನ್ನು ನಿಧಾನಗೊಳಿಸುವುದೇ ಹೊರತು ನಿಲ್ಲಿಸುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಾಡಿ ನಿಂತಿದ್ದರೆ ಟೈರಿಗೆ ವಿಶ್ರಾಂತಿಯಲ್ಲವೆ? ಅಲ್ಲ. ತಯಾರಿಸುವವರು ರಬ್ಬರಿನಲ್ಲಿ ಒಂದು ಬಗೆಯ ಮೇಣವನ್ನೂ ರಕ್ಷಕದ್ರವ್ಯಗಳನ್ನೂ ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗಿ ನಿಗುರುತ್ತಿದ್ದರೆ ಇವು ಒಳಗಿನಿಂದ ಮೇಲಕ್ಕೆ ಒಸರಿ ತೆಳುವಾದ ಪೊರೆಯನ್ನು ಕಟ್ಟುತ್ತವೆ. ಗಾಡಿಯು ತಿಂಗಳುಗಟ್ಟಲೆ ನಿಂತರೆ ಈ ಪೊರೆ ಸರಿಯಾಗಿ ಹೊಸದಾಗುವುದಿಲ್ಲ. ಮೇಲಾಗಿ ಭಾರವೆಲ್ಲ ಒಂದೇ ಕಡೆ ಕೂತು ಅಲ್ಲಿ ಚಪ್ಪಟೆಯಾಗುತ್ತದೆ. ನಿಂತ ನೀರು ಕೆಡುವಂತೆ ನಿಂತ ಟೈರೂ ಕೆಡುತ್ತದೆ.

ಹಾಗಾದರೆ ವಯಸ್ಸನ್ನು ತಿಳಿಯುವುದು ಹೇಗೆ? ಟೈರಿನ ಜಾತಕವು ಅದರ ಪಕ್ಕೆಯ ಮೇಲೆಯೇ ಅಚ್ಚಾಗಿದೆ. 185/65 ಎಂಬಂಥ ದೊಡ್ಡ ಅಂಕಿಗಳು ಅಳತೆಯನ್ನು ತಿಳಿಸತಕ್ಕವು; ಅವುಗಳಿಗೂ ವಯಸ್ಸಿಗೂ ಸಂಬಂಧವಿಲ್ಲ. ಅಕ್ಷರ ಸಂಖ್ಯೆಗಳು ಬೆರೆತ ಸಣ್ಣ ಸಾಲೊಂದರ ಕೊನೆಯಲ್ಲಿ ನಾಲ್ಕು ಅಂಕಿಗಳು ಇರುತ್ತವೆ. ಮೊದಲ ಎರಡು ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ, ಎಂದರೆ ಜೂನ್ ತಿಂಗಳಿನಲ್ಲಿ, ಆ ಟೈರು ಹುಟ್ಟಿತೆಂದು ತಿಳಿಯತಕ್ಕದ್ದು. ಮೂರೇ ಅಂಕಿಗಳಿದ್ದರೆ ಅದು 2000ಕ್ಕೆ ಹಿಂದಿನದು. ಅಂಥದರ ವಿಷಯದಲ್ಲಿ ವಿಚಾರವೇ ಬೇಡ. ಈ ಗುರುತು ಕೆಲವೊಮ್ಮೆ ಒಳಮೈಯಲ್ಲಿ ಮಾತ್ರ ಇರುವುದರಿಂದ ಗಾಡಿಯ ಕೆಳಗೆ ಬಗ್ಗಿ ನೋಡಬೇಕಾಗಬಹುದು.

ಇನ್ನು ಸವೆತದ ಮಾತು. ಹೊಸ ಕಾರಿನ ಟೈರಿನಲ್ಲಿ ತೋಡುಗಳು ಸುಮಾರು 8 ಮಿಲಿಮೀಟರ್ ಆಳವಾಗಿರುತ್ತವೆ. ಮಳೆಗಾಲದಲ್ಲಿ ಚಕ್ರದ ಅಡಿಯ ನೀರು ಈ ತೋಡುಗಳ ಮೂಲಕವೇ ಹೊರಕ್ಕೆ ಹರಿದುಹೋಗಬೇಕು. ಹರಿಯದಿದ್ದರೆ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲಿ ಜಾರುತ್ತದೆ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಈ ಆಳವು 1.6 ಮಿಲಿಮೀಟರಿಗೆ ಕಡಿಮೆಯಾಗಕೂಡದು. ತೋಡಿನ ತಳದಲ್ಲಿ ಅಷ್ಟೇ ಎತ್ತರದ ಸಣ್ಣ ದಿಬ್ಬಗಳನ್ನು ಅಚ್ಚುಹಾಕಿರುತ್ತಾರೆ. ಮೇಲ್ಮೈಯು ಸವೆದು ಈ ದಿಬ್ಬಗಳಿಗೆ ಸಮನಾದಾಗ ಆಯುಸ್ಸು ಮುಗಿಯಿತು. ಆದರೆ ಇದು ಕಟ್ಟಕಡೆಯ ಮೇರೆ. ಆಳವು 3 ಮಿಲಿಮೀಟರಿಗೆ ಇಳಿದಾಗಲೇ, ಮಳೆಗೆ ಮುಂಚೆ, ಬದಲಾಯಿಸುವುದು ವಿವೇಕ. ಬೆಂಕಿಕಡ್ಡಿಯೊಂದನ್ನು ತೋಡಿನಲ್ಲಿ ಇಳಿಸಿ ಉಗುರಿನಿಂದ ಗುರುತುಮಾಡಿ, ಮಕ್ಕಳ ಅಳತೆಪಟ್ಟಿಯ ಮೇಲಿಟ್ಟು ನೋಡಿದರೆ ಸಾಕು. ಸವೆತದ ಬಗೆಯೂ ಒಂದು ಪಾಠವೇ. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಸಾಲದು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ಓರೆಯಾಗಿದೆ.

ತೋಡು ಆಳವಾಗಿದ್ದ ಮಾತ್ರಕ್ಕೆ ಭಯವಿಲ್ಲವೆನ್ನುವವರು ಇಂಗ್ಲೆಂಡಿನ ಒಂದು ದುರಂತವನ್ನು ನೆನೆಯಬೇಕು. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವದಿಂದ ಲಿವರ್‌ಪೂಲಿಗೆ ಮರಳುತ್ತಿದ್ದ ತರುಣರ ಬಸ್ಸೊಂದರ ಮುಂದಿನ ಟೈರು ಸರ್ರೆ ಪ್ರಾಂತದ ಹೈಂಡ್‌ಹೆಡ್ ಬಳಿ ಒಡೆಯಿತು. ಬಸ್ಸು ಮರಕ್ಕೆ ಬಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷಕ್ಕೂ ಮೀರಿದ ವಯಸ್ಸು. ತೋಡುಗಳಲ್ಲಿ ಕೊರತೆಯಿರಲಿಲ್ಲ, ಅಂದಿನ ಕಾನೂನಿನಲ್ಲಿ ವಯಸ್ಸಿನ ಮಾತೇ ಇರಲಿಲ್ಲ. ಮೃತನಾದ ಮಗನೊಬ್ಬನ ತಾಯಿಯು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರವರಿಯಿಂದ ಅಲ್ಲಿ ಬಸ್ಸು ಲಾರಿಗಳ ಮುಂದಿನ ಅಚ್ಚಿಗೆ ಹತ್ತು ವರ್ಷ ಮೀರಿದ ಟೈರನ್ನು ಹಾಕುವುದು ನಿಷಿದ್ಧವಾಯಿತು. ಮೇಲೆ ಥಳಕು ಒಳಗೆ ಹುಳುಕು ಎಂಬ ನಮ್ಮ ಗಾದೆಗೆ ಇದಕ್ಕಿಂತ ದುಃಖಕರವಾದ ನಿದರ್ಶನ ಬೇಕಿಲ್ಲ.

ನಮ್ಮಲ್ಲಿ ಈ ಮಾತಿಗೆ ಹೊಸ ತುರ್ತು ಬಂದಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರಿನ ಹೊಸ ಹೆದ್ದಾರಿಯಲ್ಲಿ ಕಾರುಗಳು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಆ ವೇಗದಲ್ಲಿ ಸಾಧಾರಣ ಕಾರಿನ ಚಕ್ರವು ಸೆಕೆಂಡಿಗೆ ಸುಮಾರು 15 ಸಲ ಸುತ್ತುತ್ತದೆ. ಪ್ರತಿ ಸುತ್ತಿಗೂ ಪಕ್ಕೆಯು ಬಾಗಿ ಶಾಖ ಹುಟ್ಟುತ್ತದೆ. ಗಾಳಿ ಕಡಿಮೆಯಿದ್ದರೆ ಬಾಗುವುದೂ ಕಾಯುವುದೂ ಇನ್ನೂ ಹೆಚ್ಚು. ಬೀದಿಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಮುಪ್ಪಿನ ಟೈರಿನ ಮೇಲೆ ಸಂಸಾರವನ್ನೆಲ್ಲ ಕೂರಿಸಿಕೊಂಡು, ಸಾಮಾನು ಹೇರಿಕೊಂಡು ಒಮ್ಮೆಗೇ ಇಂಥ ಪರೀಕ್ಷೆಗೆ ಹೊರಡುವುದು ಉಚಿತವಲ್ಲ.

ಆದುದರಿಂದ ನಾವು ಹೇಳುವುದಿಷ್ಟು. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಆರು ವರ್ಷಕ್ಕೆ ಬದಲಾಯಿಸಿರೆಂದು ಹಲವು ಕಾರು ತಯಾರಕರು ಹೇಳುತ್ತಾರೆ. ಹತ್ತು ವರ್ಷವಾದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಬೇಡವೆಂಬುದು ಟೈರು ತಯಾರಕರ ಮಾತು. ಪಕ್ಕೆಯಲ್ಲಿ ಬಿರುಕುಗಳೊ ಗಂಟಿನಂಥ ಉಬ್ಬೊ ಕಂಡರೆ ವರ್ಷವನ್ನು ಎಣಿಸುತ್ತ ಕೂರಬಾರದು. ಡಿಕ್ಕಿಯಲ್ಲಿ ಮಲಗಿರುವ ಮೀಸಲು ಟೈರಿಗೂ ವರ್ಷಗಳು ಸಲ್ಲುತ್ತವೆ. ಅಂಗಡಿಯಲ್ಲಿ ಕೊಳ್ಳುವಾಗ ಬೆಲೆಗೆ ಮುಂಚೆ ಆ ನಾಲ್ಕು ಅಂಕಿಗಳನ್ನು ಓದಬೇಕು. ಎರಡೇ ಹೊಸದನ್ನು ಕೊಂಡರೆ ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗವು ಜಾರಿದರೆ ಗಾಡಿಯನ್ನು ಹತೋಟಿಗೆ ತರುವುದು ಕಷ್ಟ.

ಕಾರಿಗೂ ಭೂಮಿಗೂ ಇರುವ ನಂಟೆಲ್ಲ ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳಲ್ಲಿದೆ. ನಾಳೆ ಬೆಳಗ್ಗೆ ಹಾಲಿಗೋ ಪತ್ರಿಕೆಗೋ ಹೊರಬಂದಾಗ, ಬಾಗಿಲಲ್ಲಿ ನಿಂತ ಗಾಡಿಯ ಪಕ್ಕದಲ್ಲಿ ಒಂದು ನಿಮಿಷ ಬಗ್ಗಿ ಆ ಅಂಕಿಗಳನ್ನು ಓದಿಕೊಂಡರೆ ನಮ್ಮ ಈ ಮಾತುಗಳು ಸಾರ್ಥಕವಾದುವೆಂದು ಭಾವಿಸುತ್ತೇವೆ.