ಅಂಗೈಯಗಲದಲ್ಲಿ ನಾಲ್ಕು ತಾಲ್ಲೂಕು

ನೂರು ಕೋಟಿ ಪುಟ. ಕರ್ನಾಟಕದ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿರುವ ಹಳೆಯ ದಾಖಲೆಗಳ ಬಗ್ಗೆ ಕಂದಾಯ ಇಲಾಖೆ ಕೊಡುವ ಅಂದಾಜು ಹೆಚ್ಚುಕಡಿಮೆ ಇಷ್ಟು. ಇದನ್ನೆಲ್ಲ ಸ್ಕ್ಯಾನ್ ಮಾಡಿಡಲೆಂದೇ 2024ರಲ್ಲಿ ‘ಭೂ ಸುರಕ್ಷಾ’ ಯೋಜನೆ ಶುರುವಾಯಿತು. ಸುಮಾರು 240 ತಾಲ್ಲೂಕುಗಳಿಗೆ ಸಮನಾಗಿ ಹಂಚಿದರೆ ತಾಲ್ಲೂಕಿಗೆ 42 ಲಕ್ಷ ಪುಟ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕರ ಪಾಲಿಗೆ ಸರಾಸರಿ 1 ಕೋಟಿ 67 ಲಕ್ಷ.

ಪುಟಕ್ಕೊಂದು ಹಾಳೆ, ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಎಂದಿಟ್ಟುಕೊಂಡು ಪೇರಿಸಿದರೆ ಗೋಪುರ 1,670 ಮೀಟರ್ ಏರುತ್ತದೆ. ಮಾಗಡಿಯ ಸಾವನದುರ್ಗದ ನೆತ್ತಿ ಸಮುದ್ರಮಟ್ಟದಿಂದ 1,226 ಮೀಟರ್. ಹಾಳೆಗೆ 5 ಗ್ರಾಂನಂತೆ ತೂಗಿದರೆ 83 ಟನ್. ಹತ್ತು ಟನ್ನಿನ ಎಂಟು ಲಾರಿ ತುಂಬಿದರೂ ಮಿಗುತ್ತದೆ. ನಿಮಿಷಕ್ಕೊಂದು ಪುಟದಂತೆ ಹಗಲಿರುಳು ನಿದ್ದೆ ಬಿಟ್ಟು ಓದಿದರೆ ಮುಗಿಯಲು 31 ವರ್ಷಕ್ಕೂ ಹೆಚ್ಚು ಬೇಕು.

ಆ ರಾಶಿಯಿಂದ ಒಂದೇ ಒಂದು ಹಾಳೆ ಎಳೆದು ನೋಡಿ. ಐವತ್ತು ವರ್ಷದ ಹಿಂದಿನ ದರಖಾಸ್ತು ಕಡತದ್ದಾದರೆ ಅಂಚು ಕಂದಿರುತ್ತದೆ, ಮಡಿಕೆಯಲ್ಲಿ ಸೀಳು ಬಿಟ್ಟಿರುತ್ತದೆ. ಗೆದ್ದಲು ಕೊರೆದ ತೂತುಗಳ ನಡುವೆ ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ, ತಹಶೀಲ್ದಾರರ ಸಹಿ. ಎರಡೆಕರೆ ಹಿಪ್ಪುನೇರಳೆ ತೋಟ ಇಟ್ಟುಕೊಂಡ ಸಂಸಾರಕ್ಕೆ ಆ ಜಮೀನು ತಮ್ಮದೆಂದು ಹೇಳುವ ಮೂಲ ಸಾಕ್ಷಿ ಅದು. 2002ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು, ದೊಡ್ಡ ಕೆಲಸವೇ ಅದು. ಆದರೆ ಪಹಣಿಯ ಮೇಲೆ ತಕರಾರು ಎದ್ದ ದಿನ ನ್ಯಾಯಾಲಯ ಕೇಳುವುದು ಈ ಮೂಲ ಕಡತವನ್ನೇ. ಅದು ಇರುವುದು ಬಹುತೇಕ ಒಂದೇ ಪ್ರತಿ.

ಈಗ ಅದೇ ರಾಶಿಯನ್ನು ಸ್ಕ್ಯಾನ್ ಮಾಡೋಣ. ಪುಟಕ್ಕೆ 2 ಲಕ್ಷ ಬೈಟ್ ಎಂದು ಹಿಡಿದರೆ ನಾಲ್ಕೂ ತಾಲ್ಲೂಕು ಸೇರಿ 3.3 ಟೆರಾಬೈಟ್. ಅಂಗಡಿಯಲ್ಲಿ ಸಿಗುವ 4 ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಎಲ್ಲವೂ ಹಿಡಿಸಿ ಜಾಗ ಉಳಿಯುತ್ತದೆ. ಎಂಟು ಲಾರಿಯ ಹೊರೆ ಅಂಗೈ ಮೇಲೆ ಕೂತಿತು! ಭಯಪಡಬೇಕಾದ್ದೂ ಇದಕ್ಕೇ. ಗೆದ್ದಲು 83 ಟನ್ ತಿನ್ನಲು ತಲೆಮಾರುಗಳೇ ಬೇಕು. ಡಿಸ್ಕು ಒಮ್ಮೆ ಕೈಜಾರಿ ಬಿದ್ದರೆ ನಾಲ್ಕು ತಾಲ್ಲೂಕು ಒಂದೇ ಏಟಿಗೆ ಹೋಗುತ್ತದೆ.

ಪ್ರತಿ ತೆಗೆದಿಡುವ ಕೆಲಸ ಈ ಸೀಮೆಗೆ ಹೊಸದೇನಲ್ಲ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳ ಪಾಠವನ್ನು ಅಚ್ಚಿಗೆ ತಂದರು. 1905ರ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ ಮತ್ತು ಆಗ ಕಾನಕಾನಹಳ್ಳಿ ಎನಿಸಿದ್ದ ಕನಕಪುರದ ಶಾಸನಗಳಿವೆ. ಬೆಂಗಳೂರಿನ ಸುತ್ತಮುತ್ತ ಎಷ್ಟೋ ಶಾಸನಗಳ ಕಲ್ಲು ಇಂದು ಇಲ್ಲ, ಪಾಠ ಮಾತ್ರ ಹಲವು ಗ್ರಂಥಾಲಯಗಳ ಕಪಾಟಿನಲ್ಲಿ ಸುರಕ್ಷಿತವಾಗಿದೆ. ಉಳಿದ ಕಲ್ಲುಗಳನ್ನು ಮಿಥಿಕ್ ಸೊಸೈಟಿ 2021ರಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ.

ಶತಮಾನದ ಹಿಂದಿನ ಆ ಎಚ್ಚರ ಇಂದಿನ ಶ್ರೀಮಂತ ಸರ್ಕಾರಗಳಲ್ಲೂ ತಪ್ಪುತ್ತದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟಿನ ಭಂಡಾರ ಬೂದಿಯಾಯಿತು. ಅದು ತೀರಾ ದೊಡ್ಡದೆಂದು ಹೊರಗೆ ಪ್ರತಿಯನ್ನೇ ಇಟ್ಟಿರಲಿಲ್ಲ. ಲೆಕ್ಕ ಹಾಕಿದರೆ, 20 ಟೆರಾಬೈಟಿನ 43 ಡಿಸ್ಕುಗಳಿಗೆ ಅಷ್ಟೂ ಹಿಡಿಸುತ್ತಿತ್ತು.

ಹಾಗಾಗಿ ಬ್ಯಾಕಪ್ಪಿನ ಮೊದಲ ಪಾಠ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ದೂರದ ಊರಿನಲ್ಲಿ. ಒಂದು ಪ್ರತಿಗೆ ನೆಟ್‌ವರ್ಕಿನ ಸಂಪರ್ಕವೇ ಇರಕೂಡದು, ಕಡತ ಲಾಕ್ ಮಾಡಿ ಹಣ ಕೇಳುವ ವೈರಸ್ಸಿನ ಕೈಗೆ ಆಗ ಅದು ಸಿಗದು. ಪ್ರತಿ ಪುಟಕ್ಕೂ 32 ಬೈಟಿನ ಒಂದು ಗುರುತು ಸಂಖ್ಯೆ ಲೆಕ್ಕ ಹಾಕಿಡಬಹುದು. ಪುಟದ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬೇರೆಯಾಗಿ ಬರುತ್ತದೆ. ಅದು 78 ಅಂಕಿಗಳವರೆಗೆ ಹೋಗುವ ಸಂಖ್ಯೆ, ಎರಡು ಬೇರೆ ಪುಟಗಳಿಗೆ ಅಕಸ್ಮಾತ್ ಒಂದೇ ಬರುವ ಸಂಭವ ಇಲ್ಲವೆಂದೇ ಹೇಳಬೇಕು. 1 ಕೋಟಿ 67 ಲಕ್ಷ ಪುಟಗಳ ಗುರುತು ಸೇರಿ 53 ಕೋಟಿ ಬೈಟ್, ಚಿಕ್ಕ ಪೆನ್‌ಡ್ರೈವಿನ ಮೂಲೆಗೆ ಸಾಕು.

ಎರಡನೆಯ ಪಾಠವನ್ನು ಕಚೇರಿಗಳು ಹೆಚ್ಚಾಗಿ ಮರೆಯುತ್ತವೆ: ಮರಳಿ ತರಲು ಎಷ್ಟು ಹೊತ್ತು? ಸೆಕೆಂಡಿಗೆ 100 ಮೆಗಾಬಿಟ್ಟಿನ ಲೈನು ಪೂರ್ಣ ವೇಗದಲ್ಲಿ ಓಡಿದರೂ 3.3 ಟೆರಾಬೈಟ್ ಇಳಿಯಲು ಮೂರು ದಿನ ದಾಟುತ್ತದೆ. ಇಡೀ ರಾಜ್ಯದ 200 ಟೆರಾಬೈಟಿಗೆ ಅದೇ ಲೈನಿನಲ್ಲಿ 185 ದಿನ. ಬೆಂಗಳೂರಿನಲ್ಲಿಟ್ಟ ಪ್ರತಿಯನ್ನು 50 ಕಿಲೋಮೀಟರ್ ಕಾರಿನಲ್ಲಿ ರಾಮನಗರಕ್ಕೆ ತಂದು ಸೆಕೆಂಡಿಗೆ 100 ಮೆಗಾಬೈಟಿನಂತೆ ಇಳಿಸಿದರೆ, ಪ್ರಯಾಣ ಬಿಟ್ಟು, ಒಂಬತ್ತು ಗಂಟೆ ಚಿಲ್ಲರೆ. ಯಾವ ದಾರಿ, ಯಾರು ತರಬೇಕು, ಕೀಲಿ ಯಾರ ಬಳಿ, ಮೊದಲು ಯಾವ ಹೋಬಳಿಯ ಕಡತ, ಇವಿಷ್ಟನ್ನೂ ಮುಂಚೆಯೇ ಬರೆದಿಟ್ಟಿರಬೇಕು. ಬೆಂಕಿ ಬಿದ್ದ ದಿನ ಕೂತು ಯೋಚಿಸುವ ವಿಷಯವಲ್ಲ.

ಕೊನೆಗೆ, ಬಂದದ್ದು ಸರಿಯಾಗಿದೆಯೇ ಎಂದು ತೆರೆದು ನೋಡಬೇಕು. 1 ಕೋಟಿ 67 ಲಕ್ಷವನ್ನೂ ನೋಡಬೇಕಿಲ್ಲ. ನೂರರಲ್ಲಿ ಒಂದು ಪುಟ ಕೆಟ್ಟಿದ್ದರೂ, ಚೀಟಿ ಎತ್ತಿದಂತೆ ಆರಿಸಿದ 500 ಪುಟಗಳಲ್ಲಿ ಒಂದಾದರೂ ಕೆಟ್ಟದ್ದು ಕಣ್ಣಿಗೆ ಬೀಳುವ ಸಂಭವ ನೂರಕ್ಕೆ 99ಕ್ಕಿಂತ ಹೆಚ್ಚು. ನಿಮಿಷಕ್ಕೊಂದರಂತೆ 500 ಪುಟ ಎಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. 31 ವರ್ಷದ ಓದನ್ನು ಒಬ್ಬ ನೌಕರರ ಒಂದು ದಿನದ ಕೆಲಸ ಕಾಯಬಲ್ಲದು. ಪ್ರತಿ ತಾಲ್ಲೂಕು ಕಚೇರಿಯಲ್ಲೂ ತಿಂಗಳಿಗೊಂದು ದಿನ ಈ ಕೆಲಸಕ್ಕೆಂದೇ ಮೀಸಲಾಗಲಿ, ಆ ದಿನದ ವರದಿಗೆ ತಹಶೀಲ್ದಾರರ ಸಹಿ ಬೀಳಲಿ.